ಗೆರೆಯಾಚೆ ನಿಂತವರ ಪಾಲು

ಒಂದು ಕೆಲಸವನ್ನು ತನ್ನ ಕೈಯಾರೆ ಮಾಡದವನು ಅದರ ಫಲಕ್ಕೆ ಎಷ್ಟರಮಟ್ಟಿಗೆ ಹೊಣೆ? ಪ್ರಶ್ನೆ ಹಳೆಯದು. ಧರ್ಮಶಾಸ್ತ್ರದಲ್ಲಿ, ನ್ಯಾಯಾಲಯದಲ್ಲಿ, ಕಚೇರಿಯ ಕಡತದಲ್ಲಿ ಇದು ಬೇರೆ ಬೇರೆ ವೇಷ ತೊಟ್ಟು ಬರುತ್ತದೆ. ದಿಲ್ಲಿಯಲ್ಲಿ ಸರ್ಕಾರಿ ನೌಕರಿ ಮಾಡಿ ಕೂದಲು ಹಣ್ಣಾದ ನಮ್ಮಂಥವರಿಗೆ ಕಡತದ ವೇಷ ಚೆನ್ನಾಗಿ ಪರಿಚಿತ. ಕೆಳಗಿನವನು ಟಿಪ್ಪಣಿ ಬರೆಯುತ್ತಾನೆ, ಮೇಲಿನವನು ರುಜು ಹಾಕುತ್ತಾನೆ. ಎಡವಟ್ಟಾದ ದಿನ ಇಬ್ಬರೂ ಒಬ್ಬರನ್ನೊಬ್ಬರು ಬೆರಳಿಟ್ಟು ತೋರಿಸುತ್ತಾರೆ. ಆದರೆ ಈ ಪ್ರಶ್ನೆ ಯಾವ ಮರೆಯೂ ಇಲ್ಲದೆ, ಲಕ್ಷಾಂತರ ಜನರ ಕಣ್ಣೆದುರಿಗೆ ಬಂದು ನಿಲ್ಲುವುದು ಆಟದ ಮೈದಾನದಲ್ಲಿ. ಅದೂ ಆಡುವವನ ಮುಂದಲ್ಲ, ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕುಳಿತ ತರಬೇತುದಾರನ ಮುಂದೆ.

ಈತನ ವೃತ್ತಿ ವಿಚಿತ್ರವಾದದ್ದು. ತಿಂಗಳುಗಟ್ಟಲೆ ಆತ ಮಾತಾಡಬಹುದು, ತಿದ್ದಬಹುದು, ಗದರಿಸಬಹುದು. ಆಟ ಶುರುವಾದ ಮೇಲೆ ಮಾತ್ರ ಆತನೂ ನಮ್ಮ ನಿಮ್ಮ ಹಾಗೆ ನೋಡುವವನೇ. ಗೆದ್ದರೆ ಹಾರ ಆಟಗಾರನ ಕೊರಳಿಗೆ. ಸೋತರೆ ಮೊದಲು ಪೆಟ್ಟಿಗೆ ಕಟ್ಟಬೇಕಾದವನು ಈತ.

ಅರ್ಜೆಂಟೀನಾ ದೇಶದ ರೊಸಾರಿಯೊ ನಗರದಲ್ಲಿ 1955ರಲ್ಲಿ ಹುಟ್ಟಿದ ಮಾರ್ಸೆಲೊ ಬಿಯೆಲ್ಸಾ ಎಂಬ ಫುಟ್ಬಾಲ್ ತರಬೇತುದಾರರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. (ಫುಟ್ಬಾಲ್ ಎಂದರೆ ಚಿತ್ತರಂಜನ್ ಪಾರ್ಕಿನ ಬಂಗಾಳಿಗಳ ವ್ಯವಹಾರ, ನಮಗೇಕೆ ಎನ್ನುವವರು ಎರಡು ನಿಮಿಷ ತಾಳಿಕೊಳ್ಳಬೇಕು.) 2002ರ ವಿಶ್ವಕಪ್ಪಿಗೆ ಅವರ ತಂಡ ದಕ್ಷಿಣ ಅಮೆರಿಕಕ್ಕೆಲ್ಲ ಅಗ್ರಸ್ಥಾನ ಪಡೆದು ಹೋಯಿತು, ಹೋದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತು. ಎರಡೇ ವರ್ಷದ ಮೇಲೆ, ಅಥೆನ್ಸ್ ಒಲಿಂಪಿಕ್ಸಿನಲ್ಲಿ, ಅದೇ ಬಿಯೆಲ್ಸಾ ಕೈಕೆಳಗೆ ಅರ್ಜೆಂಟೀನಾ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಇಂಗ್ಲೆಂಡಿನ ಲೀಡ್ಸ್ ಕ್ಲಬ್ಬನ್ನು ಹದಿನಾರು ವರ್ಷಗಳ ವನವಾಸದ ನಂತರ 2020ರಲ್ಲಿ ಮೇಲಿನ ದರ್ಜೆಗೆ ತಂದವರೂ ಅವರೇ. 2022ರ ಫೆಬ್ರವರಿಯಲ್ಲಿ ಅದೇ ಕ್ಲಬ್ಬಿನಿಂದ ತೆಗೆದುಹಾಕಿಸಿಕೊಂಡವರೂ ಅವರೇ. ಮರುವರ್ಷ ಉರುಗ್ವೆ ದೇಶದ ತಂಡ ಅವರನ್ನು ಕರೆದು ಕೂರಿಸಿತು. ಈ ಮನುಷ್ಯ ಒಳ್ಳೆಯ ತರಬೇತುದಾರರೋ ಅಲ್ಲವೋ? 2002ರಲ್ಲಿ ಕೇಳಿದ್ದರೆ ಒಂದು ಉತ್ತರ, 2004ರಲ್ಲಿ ಕೇಳಿದ್ದರೆ ಇನ್ನೊಂದು. ನಡುವೆ ಬದಲಾದದ್ದು ಮನುಷ್ಯನೋ, ಫಲವೋ?

ಇನ್ನು ನಮ್ಮವರ ವಿಷಯಕ್ಕೆ ಬರೋಣ. ರಾಹುಲ್ ದ್ರಾವಿಡ್ ಹುಟ್ಟಿದ್ದು ಇಂದೂರಿನಲ್ಲಿ, 1973ರಲ್ಲಿ, ಬೆಳೆದದ್ದೆಲ್ಲ ಬೆಂಗಳೂರು. ಮನೆಮಾತು ಮರಾಠಿಯಾದರೂ ಅವರನ್ನು ಕನ್ನಡಿಗರಲ್ಲ ಎನ್ನುವ ಧೈರ್ಯ ದಿಲ್ಲಿಯಲ್ಲಿರುವ ನಾವಂತೂ ಮಾಡಲಾರೆವು. ಅವರ ದಾಂಡುಗಾರಿಕೆಯ ವೈಭವ ಇಲ್ಲಿ ಬೇಡ, ಎಲ್ಲರಿಗೂ ಗೊತ್ತಿದೆ. ನನಗೆ ಬೇಕಾದದ್ದು ಅವರು ಹೊಣೆ ಹೊತ್ತ ವರ್ಷಗಳು.

2007ರ ಮಾರ್ಚ್ ತಿಂಗಳು. ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್, ದ್ರಾವಿಡ್ ನಾಯಕರು. ಪೋರ್ಟ್ ಆಫ್ ಸ್ಪೇನಿನಲ್ಲಿ ಬಾಂಗ್ಲಾದೇಶದ ಕೈಯಲ್ಲಿ ಸೋಲು, ಆರು ದಿನಗಳ ಅನಂತರ ಶ್ರೀಲಂಕೆಯ ಕೈಯಲ್ಲಿ ಸೋಲು. ಮೊದಲ ಹಂತದಲ್ಲೇ ಮನೆಯ ದಾರಿ. ಇಲ್ಲಿ ಊರೂರಲ್ಲಿ ಪ್ರತಿಕೃತಿ ಸುಟ್ಟರು. ಅದೇ ವರ್ಷ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ, 1986ರ ಮೇಲೆ ಮೊದಲ ಸಲ ಅಲ್ಲಿ ಟೆಸ್ಟ್ ಸರಣಿ ಗೆದ್ದು ಬಂದರು. ಬಂದವರೇ ಸೆಪ್ಟೆಂಬರಿನಲ್ಲಿ ನಾಯಕತ್ವ ಬಿಟ್ಟರು. ಪ್ರತಿಕೃತಿ ಸುಟ್ಟವರಾರೂ ಆ ಸರಣಿಯ ಗೆಲುವಿಗೆ ಮೆರವಣಿಗೆ ತೆಗೆದದ್ದು ನನ್ನ ನೆನಪಿನಲ್ಲಿಲ್ಲ.

ಆಮೇಲೆ ತರಬೇತುದಾರರಾಗಿ ಎರಡನೆಯ ಅಧ್ಯಾಯ. ಹತ್ತೊಂಬತ್ತರ ಒಳಗಿನ ಹುಡುಗರ ತಂಡ ಅವರ ಕೈಯಲ್ಲಿ 2016ರ ವಿಶ್ವಕಪ್ ಫೈನಲಿನಲ್ಲಿ ಸೋತಿತು, 2018ರಲ್ಲಿ ಗೆದ್ದಿತು. 2021ರ ನವೆಂಬರಿನಲ್ಲಿ ಹಿರಿಯರ ತಂಡದ ಮುಖ್ಯ ತರಬೇತುದಾರರಾದರು. 2022ರಲ್ಲಿ ಅಡಿಲೇಡಿನ ಸೆಮಿಫೈನಲಿನಲ್ಲಿ ಇಂಗ್ಲೆಂಡ್ ಒಂದು ವಿಕೆಟ್ಟೂ ಕಳೆದುಕೊಳ್ಳದೆ ನಮ್ಮನ್ನು ಸೋಲಿಸಿತು. 2023ರ ಜೂನಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್, ಆಸ್ಟ್ರೇಲಿಯಕ್ಕೆ 209 ರನ್ನುಗಳ ಜಯ. ಆ ವರ್ಷವೇ ನವೆಂಬರ್ 19. ಸತತ ಹತ್ತು ಪಂದ್ಯ ಗೆದ್ದ ತಂಡ ಅಹಮದಾಬಾದಿನಲ್ಲಿ ಹನ್ನೊಂದನೆಯದನ್ನು ಸೋತಿತು. ಕರೋಲ್ ಬಾಗಿನ ಅಜ್ಮಲ್ ಖಾನ್ ರಸ್ತೆ ಆ ರಾತ್ರಿ ಹೇಗಿತ್ತೆಂದು ನೋಡಿದವರಿಗೆ ಹೇಳಬೇಕಿಲ್ಲ. ಪಟಾಕಿ ತಂದಿಟ್ಟವರು ಮಾರನೆಯ ದಿನ ಅಂಗಡಿಗೆ ವಾಪಸು ಕೊಡಲು ಹೋದರಂತೆ. ಅಂದು ಪಂದ್ಯದ ಬಳಿಕ ಪತ್ರಕರ್ತರೆದುರು ಬಂದು ಕುಳಿತವರು ದ್ರಾವಿಡ್. ಆ ದಿನ ಎದುರಾಳಿ ನಮಗಿಂತ ಚೆನ್ನಾಗಿ ಆಡಿದರು ಎಂದು ನೇರವಾಗಿ ಹೇಳಿ ಎದ್ದರು.

ಅಲ್ಲಿಗೆ ಅವರ ಕರಾರು ಮುಗಿದಿತ್ತು. ಮುಗಿದೇ ಹೋಗಿದ್ದರೆ ಚರಿತ್ರೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬೀಳುತ್ತಿದ್ದದ್ದು ಒಂದೇ ಮಾತು: ಕೊನೆಯ ಮೆಟ್ಟಲಲ್ಲಿ ಎಡವುವವರು. ನಾಯಕ ರೋಹಿತ್ ಶರ್ಮ ದೂರವಾಣಿ ಮಾಡಿ, ಮುಂದುವರಿಯಿರಿ ಎಂದು ಕೇಳಿಕೊಂಡರು. ಇದನ್ನು ದ್ರಾವಿಡರೇ ಮುಂದೆ ತಂಡದೆದುರು ನೆನೆದರು. ಏಳು ತಿಂಗಳಾದ ಮೇಲೆ, 2024ರ ಜೂನ್ 29ರಂದು, ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಇಪ್ಪತ್ತು ಓವರಿನ ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಕ್ಕೆ 30 ಎಸೆತಗಳಲ್ಲಿ 30 ರನ್ ಸಾಕಾಗಿತ್ತು. ಸೋತೆವೆಂದು ಟೆಲಿವಿಷನ್ ಆರಿಸಿದ ಮನೆಗಳು ನಮ್ಮ ಬೀದಿಯಲ್ಲೇ ಎರಡಿದ್ದವು. ಏಳು ರನ್ನಿನಿಂದ ಗೆದ್ದೆವು. ವಿರಾಟ್ ಕೊಹ್ಲಿ ಬಟ್ಟಲನ್ನು ತಂದು ದ್ರಾವಿಡರ ಕೈಗೆ ಕೊಟ್ಟರು. ಜನ್ಮದಲ್ಲಿ ದನಿ ಏರಿಸದ ಮನುಷ್ಯ ಅದನ್ನೆತ್ತಿ ಗರ್ಜಿಸಿದ್ದನ್ನು ಲೋಕವೇ ನೋಡಿತು.

ಈಗ ಎರಡು ಕ್ಯಾಚುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಹಮದಾಬಾದಿನಲ್ಲಿ ರೋಹಿತ್ 31 ಎಸೆತಕ್ಕೆ 47 ಹೊಡೆದು ಓಡುತ್ತಿದ್ದಾಗ ಟ್ರಾವಿಸ್ ಹೆಡ್ ಹಿಂದಕ್ಕೆ ಓಡಿ, ನೆಗೆದು ಚೆಂಡು ಹಿಡಿದರು. ಬ್ರಿಜ್‌ಟೌನಿನಲ್ಲಿ ಕೊನೆಯ ಓವರಿನ ಮೊದಲ ಎಸೆತವನ್ನು ಡೇವಿಡ್ ಮಿಲ್ಲರ್ ಎತ್ತಿ ಹೊಡೆದಾಗ ಸೂರ್ಯಕುಮಾರ್ ಯಾದವ್ ಗಡಿಗೆರೆಯ ಮೇಲೆ ಹಿಡಿದು, ಚೆಂಡನ್ನು ಮೇಲಕ್ಕೆ ಎಸೆದು, ಆಚೆ ಕಾಲಿಟ್ಟು, ಮತ್ತೆ ಒಳಗೆ ಬಂದು ಹಿಡಿದರು. ಒಂದು ಕ್ಯಾಚು ಅವರದು, ಒಂದು ನಮ್ಮದು. ಎರಡೂ ಹೊತ್ತಿನಲ್ಲಿ ದ್ರಾವಿಡ್ ಕುರ್ಚಿಯ ಮೇಲೆ ಕುಳಿತಿದ್ದರು. ಮೊದಲನೆಯದರಿಂದ ಅವರು ಸೋತವರಾದರು, ಎರಡನೆಯದರಿಂದ ಮಹಾಗುರುಗಳಾದರು.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬಿಬ್ಬರು ತತ್ತ್ವಜ್ಞರು ಈ ತೊಡಕಿಗೆ ಒಂದು ಹೆಸರು ಕೊಟ್ಟರು. ನೈತಿಕ ಅದೃಷ್ಟ ಎನ್ನಬಹುದು. ಬ್ರೇಕನ್ನು ಪರೀಕ್ಷಿಸದೆ ಇಬ್ಬರು ಚಾಲಕರು ಲಾರಿ ಹೊರಡಿಸಿದರು ಎಂದಿಟ್ಟುಕೊಳ್ಳಿ. ಒಬ್ಬನ ದಾರಿಗೆ ಮಗು ಅಡ್ಡಬಂತು, ಇನ್ನೊಬ್ಬನಿಗೆ ಬರಲಿಲ್ಲ. ಅಜಾಗ್ರತೆ ಇಬ್ಬರದೂ ಸಮ. ಜೀವನ ಪೂರ್ತಿ ಕೊರಗುವವನು ಒಬ್ಬ, ಮನೆಗೆ ಹೋಗಿ ಉಂಡು ಮಲಗುವವನು ಇನ್ನೊಬ್ಬ. ಇದು ನ್ಯಾಯವೆ? ನಮ್ಮಲ್ಲಿ ಇದಕ್ಕೆ ಬಹಳ ಹಿಂದೆಯೇ ಯೋಚನೆ ನಡೆದಿದೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದು ದೈವ. ಇಷ್ಟು ಇರುವಾಗ ನಾನೊಬ್ಬನೇ ಮಾಡಿದೆ ಎಂದು ತಿಳಿಯುವವನು ಸರಿಯಾಗಿ ಕಾಣುತ್ತಿಲ್ಲ ಎನ್ನುತ್ತದೆ ಅದು. ಐದರಲ್ಲಿ ಒಂದು ಪಾಲು ದೈವಕ್ಕೆ. ಪೂರ್ತಿ ಐದೂ ಅಲ್ಲ ಎಂಬುದನ್ನು ಗಮನಿಸಬೇಕು.

ಏಕೆಂದರೆ ಈ ಮಾತನ್ನು ಅಡ್ಡದಾರಿಗೆ ಬಳಸುವವರು ನಮ್ಮಲ್ಲಿ ಬೇಕಾದಷ್ಟು. ಕೆಲಸ ಕೆಡಿಸಿ, ಫಲ ನಮ್ಮ ಕೈಯಲ್ಲಿಲ್ಲವಲ್ಲ ಸ್ವಾಮೀ ಎಂದು ಗೀತೆಯ ಮರೆಗೆ ಸರಿಯುವವರನ್ನು ನಾನು ಪ್ರತಿ ಮಂತ್ರಾಲಯದಲ್ಲೂ ನೋಡಿದ್ದೇನೆ. ಅಂಥವರಿಗೆ ಉತ್ತರ ಹೇಳಲು ಗಾಂಧಾರಿಯೇ ಬರಬೇಕು. ಕುರುಕ್ಷೇತ್ರದಲ್ಲಿ ಕೃಷ್ಣ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟವನು. ಆಡದೆ ಆಡಿಸಿದವನು, ಇಂದಿನ ಭಾಷೆಯಲ್ಲಿ ತರಬೇತುದಾರನೇ. ಸ್ತ್ರೀಪರ್ವದಲ್ಲಿ ನೂರು ಮಕ್ಕಳನ್ನು ಕಳೆದುಕೊಂಡ ತಾಯಿ ಕೊಂದ ಭೀಮನನ್ನು ಬಿಟ್ಟು ಈ ಕೊಲ್ಲದವನನ್ನು ಶಪಿಸುತ್ತಾಳೆ. ಆಕೆಯ ಆಕ್ಷೇಪ ಅವನು ಗೆಲ್ಲಿಸಿದ್ದಕ್ಕಲ್ಲ, ಸೋಲಿಸಿದ್ದಕ್ಕೂ ಅಲ್ಲ. ತಡೆಯುವ ಶಕ್ತಿ ಇದ್ದೂ ಉಪೇಕ್ಷೆ ಮಾಡಿದ್ದಕ್ಕೆ. ಕೃಷ್ಣ ಮರುವಾದ ಹೂಡುವುದಿಲ್ಲವೆಂದಲ್ಲ, ಆದರೆ ಶಾಪವನ್ನು ನಕ್ಕು ತಲೆಯ ಮೇಲೆ ಹೊರುತ್ತಾನೆ. ಗೆರೆಯಾಚೆ ನಿಂತವನನ್ನು ಅಳೆಯಲು ಆಕೆ ಹಿಡಿದ ಕೋಲು ನನಗೆ ಸರಿಯಾಗಿ ತೋರುತ್ತದೆ. ಕ್ಯಾಚು ಕೈತಪ್ಪಿದ್ದಕ್ಕೆ ಆತ ಹೊಣೆಯಲ್ಲ. ಕ್ಯಾಚು ಹಿಡಿಯುವ ಅಭ್ಯಾಸ ಮಾಡಿಸದೇ ಇದ್ದರೆ ಹೊಣೆ.

ಅಭ್ಯಾಸ ಮಾಡಿಸಿ, ಗೆಲ್ಲಿಸಿ, ಆದರೂ ಹೋಗಬೇಕಾಗಿ ಬಂದವರೂ ಉಂಟು, ಅವರೂ ನಮ್ಮವರೇ. ಅನಿಲ್ ಕುಂಬ್ಳೆ 2016ರ ಜೂನಿನಲ್ಲಿ ತಂಡದ ತರಬೇತುದಾರರಾದರು. ಒಂದು ವರ್ಷದಲ್ಲಿ 17 ಟೆಸ್ಟ್ ಪಂದ್ಯ, 12 ಗೆಲುವು, ಒಂದೇ ಸೋಲು. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿ ಫೈನಲಿನಲ್ಲಿ ಪಾಕಿಸ್ತಾನದೆದುರು ಸೋಲು, 20ರಂದು ರಾಜೀನಾಮೆ. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕರಿಗೆ ಅಸಮಾಧಾನವಿದೆಯೆಂದು ತಿಳಿದುಬಂದದ್ದರಿಂದ ಬಿಡುತ್ತಿರುವುದಾಗಿ ಬಹಿರಂಗವಾಗಿ ಬರೆದರು. ತರಬೇತುದಾರನ ಕೆಲಸವೆಂದರೆ ಎದುರಿಗೆ ಕನ್ನಡಿ ಹಿಡಿಯುವುದು ಎಂಬ ಅರ್ಥದ ಒಂದು ಮಾತೂ ಅದರಲ್ಲಿತ್ತು. ಯಾರದು ಸರಿ ಯಾರದು ತಪ್ಪು ಎಂದು ತೀರ್ಪು ಕೊಡಲು ಆ ಕೋಣೆಯೊಳಗೆ ನಾವಾರೂ ಇರಲಿಲ್ಲ. ಕನ್ನಡಿಯನ್ನು ತೀರ ಹತ್ತಿರ ಹಿಡಿದರೆ ಮುಖ ಕಾಣುವುದಿಲ್ಲ, ಉಸಿರಿನ ಮಂಜೇ ಕಾಣುತ್ತದೆ ಎಂಬುದೂ ನಿಜ. ಆದರೆ ಗೆಲುವಿನ ಪಟ್ಟಿ ಅವರನ್ನು ಕಾಯಲಿಲ್ಲ ಎಂಬುದು ಮಾತ್ರ ಖಚಿತ.

ಇಷ್ಟೆಲ್ಲ ಕ್ರಿಕೆಟ್ಟು ಮಾತಾಡಿದ್ದು ಒಂದು ಉದ್ದೇಶದಿಂದ. ಕರೋಲ್ ಬಾಗಿನಲ್ಲಿ ಇರುವ ನಮಗೆ ತರಬೇತುದಾರರೆಂದರೆ ಕ್ರಿಕೆಟ್ ಮೈದಾನದವರು ಮಾತ್ರವಲ್ಲ. ಪೂಸಾ ರಸ್ತೆಯಿಂದ ಹಳೇ ರಾಜಿಂದರ್ ನಗರದ ತನಕ ನಡೆದುಹೋದರೆ ಗೋಡೆಗೋಡೆಗೂ ತರಬೇತಿ. ಐ.ಎ.ಎಸ್. ಪರೀಕ್ಷೆಗೆ ಓದಲು ಬೀದರಿನಿಂದ, ಕೊಳ್ಳೇಗಾಲದಿಂದ, ಪುತ್ತೂರಿನಿಂದ ಬಂದ ಮಕ್ಕಳ ಕನ್ನಡ ಇಲ್ಲಿನ ಚಹಾ ಅಂಗಡಿಗಳಲ್ಲಿ ಕಿವಿಗೆ ಬೀಳುತ್ತದೆ. ನಮ್ಮ ಮನೆಗಳ ಬರಸಾತಿಗಳಲ್ಲಿ ಬಾಡಿಗೆಗೆ ಇರುವವರೂ ಅವರೇ. 2023ರ ಸಾಲಿನ ಪರೀಕ್ಷೆಯಲ್ಲಿ ಮೊದಲ ಹಂತಕ್ಕೆ ಕುಳಿತವರು 5,92,141 ಮಂದಿ. ಕೊನೆಗೆ ಆಯ್ಕೆಯಾದವರು 1,016. ಸಾವಿರಕ್ಕೆ ಇಬ್ಬರೂ ಪೂರ್ತಿ ಇಲ್ಲ.

ಆಯ್ಕೆಯಾದ ಆ ಸಾವಿರ ಮಂದಿಯ ಮುಖಗಳು ಬೋರ್ಡುಗಳ ಮೇಲೆ ಏರುತ್ತವೆ. ಕೆಲವೊಮ್ಮೆ ಒಂದೇ ಮುಖ ನಾಲ್ಕು ಸಂಸ್ಥೆಗಳ ಬೋರ್ಡಿನ ಮೇಲೆ! ಎಲ್ಲೋ ಒಂದು ದಿನ ಪುಕ್ಕಟೆಯಾಗಿ ಮಾದರಿ ಸಂದರ್ಶನಕ್ಕೆ ಕುಳಿತು ಎದ್ದಿದ್ದರೂ ಸಾಕು, ಅವನು ಆ ಸಂಸ್ಥೆಯ ಕೂಸು. ಈ ಹಾವಳಿ ಎಲ್ಲಿಗೆ ಮುಟ್ಟಿತೆಂದರೆ, ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಉತ್ತೀರ್ಣರಾದವರ ಒಪ್ಪಿಗೆಯಿಲ್ಲದೆ ಚಿತ್ರ ಹಾಕಬಾರದು, ಅವರು ಯಾವ ಪಾಠಕ್ರಮಕ್ಕೆ ಸೇರಿದ್ದರೆಂಬುದನ್ನು ತಿಳಿಸಬೇಕು ಎಂದು ಹೇಳಬೇಕಾಯಿತು. ಕ್ರಿಕೆಟ್ಟಿನ ಲೆಕ್ಕ ಇಲ್ಲಿ ತಲೆಕೆಳಗು. ಅಲ್ಲಿ ಗೆಲುವು ಆಟಗಾರನದು, ಸೋಲು ಗುರುವಿನದು. ಇಲ್ಲಿ ಗೆಲುವು ಗುರುವಿನದು, ಸೋಲು ಮಾತ್ರ ಹುಡುಗನದು. ಉಳಿದ ಐದು ಲಕ್ಷ ತೊಂಬತ್ತೊಂದು ಸಾವಿರದ ಚಿತ್ರಕ್ಕೆ ಯಾವ ಗೋಡೆಯೂ ಇಲ್ಲ.

ನಮ್ಮ ಗಲ್ಲಿಯಲ್ಲಿದ್ದ ಹಾವೇರಿ ಕಡೆಯ ಹುಡುಗನೊಬ್ಬ ಮೂರನೆಯ ಸಲವೂ ಪಟ್ಟಿಯಲ್ಲಿ ಹೆಸರು ಕಾಣದೆ ಹಾಸಿಗೆ ಸುತ್ತಿ, ಹೇಳಿಹೋಗಲು ಮನೆಗೆ ಬಂದಿದ್ದ. ತಂದೆ ಹೊಲ ಒತ್ತೆ ಇಟ್ಟು ಕಳಿಸಿದ್ದರು. ನಮ್ಮ ಮನೆಯವರು ಕೊಟ್ಟ ಅವಲಕ್ಕಿಯನ್ನು ಮುಟ್ಟದೆ, “ಅಪ್ಪಗ ಏನ್ ಹೇಳ್ಲಿರೀ ಸರ್? ಕ್ಲಾಸಿನವ್ರು ಛಲೋನ ಹೇಳಿಕೊಟ್ರು, ನಾನ ದಡ್ಡ ಅಂತ ಹೇಳ್ಬೇಕೇನ್ರಿ?” ಎಂದು ಕೇಳಿದ. ಅವನು ಓದಿದ್ದ ಸಂಸ್ಥೆಯ ತರಗತಿಯಲ್ಲಿ ಮುನ್ನೂರು ಮಂದಿ ಕೂರುತ್ತಿದ್ದರೆಂದೂ, ಮೂರು ವರ್ಷದಲ್ಲಿ ಬರೆದುಕೊಟ್ಟ ಉತ್ತರಗಳನ್ನು ತಿದ್ದಿ ಹಿಂದಿರುಗಿಸಿದ್ದು ಎರಡೇ ಸಲವೆಂದೂ ಅವನೇ ಹಿಂದೊಮ್ಮೆ ಹೇಳಿದ್ದ. ಗಾಂಧಾರಿಯ ಕೋಲು ಹಿಡಿದರೆ ಇದಕ್ಕೆ ಏನೆನ್ನಬೇಕು? ಪರೀಕ್ಷೆ ಕಠಿಣ, ಸ್ಪರ್ಧೆ ಭಯಂಕರ, ದೈವದ ಪಾಲೂ ದೊಡ್ಡದು, ಎಲ್ಲ ಒಪ್ಪಿದೆ. ಉಪೇಕ್ಷೆಯ ಪಾಲನ್ನು ಮಾತ್ರ ಯಾರ ಲೆಕ್ಕಕ್ಕೂ ಬರೆಯದೆ, ಆ ಹುಡುಗನ ಹೆಗಲಿಗೇ ಕಟ್ಟಿ ಊರಿಗೆ ಕಳಿಸಿದರು. ಅಪ್ಪನಿಗೆ ಹೇಳು, ಆರು ಲಕ್ಷ ಜನರ ಓಟದಲ್ಲಿ ಓಡಿ ಬಂದೆ ಎಂದು, ಎಂದೆ. ಅವನಿಗೆ ಸಮಾಧಾನವಾಯಿತೆಂದು ನನಗೆ ಅನ್ನಿಸಲಿಲ್ಲ. ಆಗಬೇಕಾಗಿಯೂ ಇಲ್ಲ, ಒತ್ತೆ ಇಟ್ಟ ಹೊಲ ಮಾತಿನಿಂದ ಬಿಡಿಸಿಕೊಳ್ಳುವಂಥದಲ್ಲ.

ಹಾಗಾದರೆ ಗೆರೆಯಾಚೆಯವನ ನ್ಯಾಯವಾದ ಪಾಲು ಎಷ್ಟು? ಇದನ್ನು ತಕ್ಕಡಿಯಲ್ಲಿಟ್ಟು ತೂಗಿ ಹೇಳುವ ವಿದ್ಯೆ ನನಗೆ ತಿಳಿಯದು. ಆದರೆ ಪಾಲು ಹಂಚುವ ಹೊತ್ತಿನಲ್ಲಿ ಮನುಷ್ಯ ಹೇಗೆ ನಡೆದುಕೊಂಡ ಎಂಬುದನ್ನು ನೋಡಬಹುದು. 2018ರಲ್ಲಿ ಹುಡುಗರ ತಂಡ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡರಿಗೆ 50 ಲಕ್ಷ ರೂಪಾಯಿ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಒಂದೇ ಕೆಲಸ ಮಾಡಿದ ತನಗೂ ತನ್ನ ಜೊತೆಯವರಿಗೂ ಈ ತಾರತಮ್ಯ ಏಕೆ ಎಂದು ದ್ರಾವಿಡ್ ತಕರಾರು ಎತ್ತಿದರು. ಕೊನೆಗೆ ಸಿಬ್ಬಂದಿಗೆಲ್ಲ ತಲಾ 25 ಲಕ್ಷವೆಂದು ತೀರ್ಮಾನವಾಯಿತು. ಅಂದರೆ ತಕರಾರು ಮಾಡಿ ಅವರು ಸಂಪಾದಿಸಿದ್ದು ತಮ್ಮ ಸಂಭಾವನೆಯ ಅರ್ಧ ಕಡಿತ. 2024ರಲ್ಲಿಯೂ, ಪತ್ರಿಕೆಗಳ ವರದಿಯಂತೆ, ತಮಗೆ ಗೊತ್ತಾಗಿದ್ದ ಐದು ಕೋಟಿಯ ಬದಲು ಜೊತೆಯ ತರಬೇತುದಾರರಷ್ಟೇ ಎರಡೂವರೆ ಕೋಟಿ ಸಾಕೆಂದರು. ಕೋಟಿ ಇದ್ದವರಿಗೆ ಕೋಟಿ ಬಿಡುವುದೇನು ಕಷ್ಟ ಎಂದು ಕೇಳುವವರಿದ್ದಾರೆ. ಇದ್ದವರು ಬಿಟ್ಟದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ ಎಂದು ನಾನು ಅವರನ್ನು ಮರಳಿ ಕೇಳುತ್ತೇನೆ.

ಬಿಯೆಲ್ಸಾರ ವಿಷಯದಲ್ಲೂ ಇಂಥ ಒಂದು ಗಳಿಗೆ ಇದೆ. 2019ರ ಏಪ್ರಿಲಿನಲ್ಲಿ ಲೀಡ್ಸ್ ತಂಡ ಮೇಲಿನ ದರ್ಜೆಗೆ ಏರುವ ಹೊಸ್ತಿಲಲ್ಲಿ ಆಸ್ಟನ್ ವಿಲ್ಲಾದೆದುರು ಆಡುತ್ತಿತ್ತು. ಎದುರಾಳಿಯೊಬ್ಬ ಪೆಟ್ಟಾಗಿ ನೆಲದ ಮೇಲೆ ಬಿದ್ದಿದ್ದಾಗ ಲೀಡ್ಸಿನವರು ಆಟ ನಿಲ್ಲಿಸದೆ ಗೋಲು ಹೊಡೆದರು. ನಿಯಮದ ಪ್ರಕಾರ ಗೋಲು ಗೋಲೇ. ಬಿಯೆಲ್ಸಾ ಮಾತ್ರ ಗೆರೆಯಾಚೆಯಿಂದ ಕೂಗಿ, ಎದುರಾಳಿಗೆ ಒಂದು ಗೋಲು ಬಿಟ್ಟುಕೊಡಿ ಎಂದು ತಮ್ಮ ಹುಡುಗರಿಗೆ ಆಜ್ಞೆ ಮಾಡಿದರು. ಪಂದ್ಯ ಸಮವಾಯಿತು, ನೇರವಾಗಿ ಮೇಲೇರುವ ಕೊನೆಯ ಆಸೆಯೂ ಅದರೊಂದಿಗೆ ಹೋಯಿತು, ಮುಂದಿನ ಸುತ್ತಿನಲ್ಲಿ ಸೋತು ಆ ವರ್ಷ ಲೀಡ್ಸ್ ಕೆಳಗೇ ಉಳಿಯಿತು. ಫಲವನ್ನು ನೋಡಿ ಬೆಲೆ ಕಟ್ಟುವವರು ಇದನ್ನು ಯಾವ ಅಂಕಣದಲ್ಲಿ ಬರೆಯುತ್ತಾರೋ ತಿಳಿಯದು. ಕ್ಲಬ್ಬಿನ ಹಣ, ಆಟಗಾರರ ಬೆವರು, ಊರಿನ ಜನರ ಹದಿನೈದು ವರ್ಷಗಳ ಕಾಯುವಿಕೆ, ಇವುಗಳನ್ನು ತನ್ನ ಧರ್ಮಬುದ್ಧಿಗಾಗಿ ಪಣಕ್ಕಿಡಲು ಆತನಿಗೆ ಹಕ್ಕಿತ್ತೆ ಎಂಬ ಪ್ರಶ್ನೆಯನ್ನೂ ಹಗುರವಾಗಿ ತಳ್ಳಿಹಾಕಲಾಗದು. ಇದ್ದಿತೆಂದೇ ನನ್ನ ಮತ. ಗೆಲುವಿನ ದಾರಿಯನ್ನು ಹೇಳಿಕೊಡಲು ನೇಮಿಸಿದವನಿಗೆ ಯಾವ ದಾರಿ ಬೇಡವೆಂದು ಹೇಳುವ ಅಧಿಕಾರವೂ ಸೇರಿಯೇ ಬಂದಿರುತ್ತದೆ.

ಪಾಲು ಬಿಡುವ ವಿಷಯ ಬಂದಾಗ ದಿಲ್ಲಿಯವರಾದ ನಮಗೆ ನೆನಪಾಗಬೇಕಾದದ್ದು ನಮ್ಮ ಕೋಟ್ಲಾ ಮೈದಾನ. ಈಗ ಅದಕ್ಕೆ ಬೇರೆ ಹೆಸರು. 1999ರ ಫೆಬ್ರವರಿ 7ರಂದು ಅದು ಫಿರೋಜ್ ಶಾ ಕೋಟ್ಲಾ. ಪಾಕಿಸ್ತಾನ ಒಂದೂ ವಿಕೆಟ್ ಬೀಳದೆ 101 ಹೊಡೆದಿದ್ದುದು 207ಕ್ಕೆ ಮುಗಿಯಿತು. ಹತ್ತಕ್ಕೆ ಹತ್ತೂ ಕುಂಬ್ಳೆಗೆ, 74 ರನ್ ಕೊಟ್ಟು. ಜಿಮ್ ಲೇಕರ್ 1956ರಲ್ಲಿ ಮಾಡಿದ್ದನ್ನು ಟೆಸ್ಟ್ ಆಟದಲ್ಲಿ ಮತ್ತೆ ಮಾಡಿದವರು ಅವರೇ ಮೊದಲಿಗರು. ಒಂಬತ್ತು ಬಿದ್ದಿದ್ದಾಗ ಇನ್ನೊಂದು ಕಡೆಯಿಂದ ಎಸೆಯುತ್ತಿದ್ದವರು ಜಾವಗಲ್ ಶ್ರೀನಾಥ್. ಗೆಳೆಯನ ಹತ್ತನೆಯದು ತನ್ನ ಪಾಲಿಗೆ ಬಂದುಬಿಡಬಾರದೆಂದು ಆ ಓವರಿನಲ್ಲಿ ಚೆಂಡನ್ನು ಗೂಟಗಳಿಂದ ದೂರ ದೂರವೇ ಎಸೆದರು. ವೇಗದ ಬೌಲರನೊಬ್ಬ ವಿಕೆಟ್ ಬೀಳದಿರಲಿ ಎಂದು ಬೆವರು ಸುರಿಸಿದ್ದು ಅದೊಂದು ದಿನವೇ ಇರಬೇಕು.

ದ್ರಾವಿಡರ ಕಥೆ ಬಾರ್ಬಡೋಸಿಗೆ ಮುಗಿದಿದ್ದರೆ ಸಿನಿಮಾದ ಹಾಗೆ ಚಂದವಾಗಿರುತ್ತಿತ್ತು. ಆದರೆ ಅವರು 2024ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ರಾಯಲ್ಸ್ ತಂಡಕ್ಕೆ ತರಬೇತುದಾರರಾಗಿ ಹೋದರು. 2025ರ ಐ.ಪಿ.ಎಲ್.ನಲ್ಲಿ ಆ ತಂಡ ಹದಿನಾಲ್ಕರಲ್ಲಿ ನಾಲ್ಕೇ ಪಂದ್ಯ ಗೆದ್ದು, ಹತ್ತು ತಂಡಗಳಲ್ಲಿ ಒಂಬತ್ತನೆಯದಾಯಿತು. ಆ ದಿನಗಳಲ್ಲಿ ಕಾಲಿಗೆ ಪೆಟ್ಟಾಗಿ ದ್ರಾವಿಡ್ ಗಾಲಿಕುರ್ಚಿಯಲ್ಲಿ ಕುಳಿತೇ ಮೈದಾನಕ್ಕೆ ಬರುತ್ತಿದ್ದರು. ಏಪ್ರಿಲ್ 28ರಂದು ಜೈಪುರದಲ್ಲಿ ಹದಿನಾಲ್ಕು ವರ್ಷದ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕ ಹೊಡೆದಾಗ, ಕಾಲಿನ ನೋವು ಮರೆತು, ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗಸ್ಟ್ ತಿಂಗಳ ಕೊನೆಗೆ ಆ ಕೆಲಸವನ್ನು ಬಿಟ್ಟು ಬೆಂಗಳೂರಿಗೆ ಮರಳಿದರು.